ಬಾಪುಜಿ ಕೊಟ್ಟ ಕ್ಯಾಡಿಲಾಕ್

"ಬರ್ತಿದೆಯಾ?"

"ಬರ್ತಿದೆ. ಬೇಡ."

"ಈಗ?"

"ಒಂದು ಮಟಾಟು ವ್ಯಾನ್. ಇರಿ. ಇರಿ ಅಂದೆ."

"ಈಗ?"

"ಹೋಗಿ."

ಕೃಷ್ಣಪ್ರಸಾದ ಆಕ್ಸಿಲರೇಟರ್ ಒತ್ತಿದ. ಕಾರು ಸ್ವಲ್ಪ ಯೋಚಿಸಿ, ಮೂತಿ ಎತ್ತಿ, ಮರಳಿನ ಲಾರಿಯನ್ನು ದಾಟಿತು. ಬಲಗಡೆ ಕೂತಿದ್ದ ವಿಶಾಲಾಕ್ಷಿ ಕಿಟಕಿಯಿಂದ ತಲೆ ಒಳಗೆಳೆದುಕೊಂಡು, ಬಾಯಿಗೆ ಬಂದ ಕೂದಲನ್ನು ಬಿಡಿಸಿಕೊಂಡಳು. ರೇಷ್ಮೆ ಸೀರೆಯ ಮೇಲೆ ಆಗಲೇ ಡೀಸೆಲ್ ಹೊಗೆಯ ವಾಸನೆ ಕೂತಿತ್ತು.

ಒಂದು ವರ್ಷಕ್ಕೂ ಮೇಲಾಗಿ ಇದು ಅವಳ ಕೆಲಸ. ನೈರೋಬಿಯಲ್ಲಿ ವಾಹನಗಳು ಭಾರತದ ಹಾಗೆಯೇ ರಸ್ತೆಯ ಎಡಕ್ಕೆ ಹೋಗುತ್ತವೆ, ಸ್ಟೀರಿಂಗ್ ಬಲಕ್ಕಿರುತ್ತದೆ. ಈ ಕಾರು ಎಪ್ಪತ್ನಾಲ್ಕನೇ ಇಸವಿಯಲ್ಲಿ ಅಮೆರಿಕದಿಂದ ಯಾರೋ ರಾಯಭಾರಿಯ ಜೊತೆ ಬಂದದ್ದು. ಇದರ ಸ್ಟೀರಿಂಗ್ ಎಡಕ್ಕಿದೆ. ಓಡಿಸುವವನು ಫುಟ್‌ಪಾತಿನ ಪಕ್ಕ ಕೂರುತ್ತಾನೆ. ಮುಂದೆ ಲಾರಿ ಇದ್ದರೆ ಅವನಿಗೆ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎದುರಿಂದ ಏನು ಬರುತ್ತಿದೆ ಎಂದು ನೋಡಿ ಹೇಳಲು ಬಲಗಡೆ ಒಬ್ಬರು ಬೇಕು. ಆ ಒಬ್ಬರು ಮೈಸೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ವಿಶಾಲಾಕ್ಷಿ.

"ಇವತ್ತಾದ್ರೂ ಕೇಳ್ತೀರೋ ಇಲ್ವೋ?" ಎಂದಳು.

"ಮದುವೆ ಮನೇಲಿ ಕೇಳೋ ವಿಷಯನಾ ಅದು?"

"ಮೊದಲು ಬಾಪುಜಿಗೆ ಹುಷಾರಿಲ್ಲ ಅಂದ್ರಿ. ಆಮೇಲೆ ಸೂತಕ ಅಂದ್ರಿ. ಹೋದ ತಿಂಗಳು ಆಡಿಟ್ ಅಂದ್ರಿ. ಕೆಲಸ ಕೊಡ್ತೀವಿ ಅಂದಿರೋ ದಾರ್ ಎಸ್ ಸಲಾಮ್ ಕಂಪನಿಯವರಿಗೆ ಸೋಮವಾರ ಉತ್ತರ ಕೊಡಬೇಕು ಅನ್ನೋದು ನೆನಪಿದೆಯಾ?"

"ನೆನಪಿದೆ."

"ಜನರಲ್ ಮ್ಯಾನೇಜರ್ ಮಾಡ್ತೀರಾ, ಮಾಡಲ್ವಾ? ಇಷ್ಟೇ ಪ್ರಶ್ನೆ. ಹಿಂದೀಲಿ ಇನ್ನೂ ಚಿಕ್ಕದಾಗುತ್ತೆ."

"ಕೇಳಿ ತಗೊಳ್ಳೋದಲ್ಲ ವಿಶಾಲು ಅದು. ಅವರಾಗೇ ಹೇಳಬೇಕು. ಒಂದು ಲೆಕ್ಕದಲ್ಲಿ ಹೇಳಿದ ಹಾಗೇ ಆಯ್ತಲ್ಲ."

"ಯಾವಾಗ ಹೇಳಿದ್ರು?"

ಕೃಷ್ಣಪ್ರಸಾದ ಸ್ಟೀರಿಂಗ್ ಚಕ್ರವನ್ನು ಎರಡು ಬೆರಳಿನಿಂದ ತಟ್ಟಿದ. "ಮತ್ತೆ ಇದೇನು?"

ಈ ಮಾತಿಗೆ ಕೊಡಬಹುದಾದ ಉತ್ತರಗಳನ್ನೆಲ್ಲ ವಿಶಾಲಾಕ್ಷಿ ಆಗಲೇ ಕೊಟ್ಟು ಮುಗಿಸಿದ್ದಳು.

ಕೃಷ್ಣಪ್ರಸಾದ ಕೆಲಸ ಮಾಡುವುದು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ. ಮಾಲೀಕರು ಗುಜರಾತಿಗಳು. ಅಲ್ಲಿ ದೊಡ್ಡ ವಿಷಯವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಹಿಂದಿನ ಜನರಲ್ ಮ್ಯಾನೇಜರ್ ಮಂಗಳೂರಿನ ಲಾರೆನ್ಸ್. ಒಂದು ದೀಪಾವಳಿ ಪೂಜೆಯ ದಿನ ಮಾಲೀಕರ ತಂದೆ ಬಾಪುಜಿ ಅವನ ಹಣೆಗೆ ಕುಂಕುಮ ಇಟ್ಟು, ಹಿತ್ತಾಳೆ ತಟ್ಟೆಯಲ್ಲಿ ಗುಲಾಬಿ ಎಸಳಿನ ಮಧ್ಯೆ ಒಂದು ಹೊಸ ಜಪಾನಿ ಕಾರಿನ ಕೀಲಿ ಇಟ್ಟು ಕೊಟ್ಟಿದ್ದರು. ಸಂಕ್ರಾಂತಿಯ ಹೊತ್ತಿಗೆ ಲಾರೆನ್ಸ್‌ನ ಕೋಣೆಯ ಬಾಗಿಲಿಗೆ ಹೊಸ ಫಲಕ ಬಂದಿತ್ತು. ಅವನು ಕೆನಡಾಕ್ಕೆ ಹೋದ ಮೇಲೆ ಅವನ ಕೆಲಸವೆಲ್ಲ ಕೃಷ್ಣಪ್ರಸಾದನ ತಲೆಗೆ ಬಂತು. ಫಲಕ ಮಾತ್ರ ಬರಲಿಲ್ಲ. ಎರಡು ಸಾವಿರದ ಐದರ ದೀಪಾವಳಿಯಲ್ಲಿ ಅದೇ ತಟ್ಟೆ, ಅದೇ ಗುಲಾಬಿ ಎಸಳು, ಅದೇ ಕುಂಕುಮ. ಬಾಪುಜಿ ತಮ್ಮದೇ ಕ್ಯಾಡಿಲಾಕ್‌ನ ಕೀಲಿ ಕೊಟ್ಟರು. ಪ್ಯಾಕಿಂಗ್ ಸೆಕ್ಷನ್ನಿನವರೆಲ್ಲ ಚಪ್ಪಾಳೆ ತಟ್ಟಿದರು. ಆ ದಿನ ಕೃಷ್ಣಪ್ರಸಾದ ಮನೆಗೆ ಬಂದು, ಹಣೆಯ ಕುಂಕುಮ ಒರೆಸಿಕೊಳ್ಳದೆಯೇ, "ಆಯ್ತು" ಎಂದಿದ್ದ.

ಏನೂ ಆಗಲಿಲ್ಲ. ಬಾಪುಜಿ ಮುಂದಿನ ವರ್ಷ ತೀರಿಕೊಂಡರು. ಕಾರು ಉಳಿಯಿತು.

ರಿವರ್‌ಸೈಡ್‌ನ ಅವರ ಫ್ಲ್ಯಾಟಿನ ಪಾರ್ಕಿಂಗ್ ಜಾಗದಲ್ಲಿ ಅದು ಹಿಡಿಸುತ್ತಿರಲಿಲ್ಲ. ಡಿಕ್ಕಿ ಹೊರಗೆ ಚಾಚಿಕೊಂಡಿರುತ್ತಿತ್ತು. ಕಬ್ಬಿಣದ ಸರಳು ಸಾಗಿಸುವ ಲಾರಿಗೆ ಕಟ್ಟುವ ಹಾಗೆ ವಾಚ್‌ಮನ್ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದ್ದ. ಮಗಳು ಜಾಹ್ನವಿ ಶಾಲೆಗೆ ಎರಡು ತಿರುವು ಮೊದಲೇ "ಡ್ರಾಪ್ ಮಿ ಹಿಯರ್, ಅಪ್ಪಾ. ಪ್ಲೀಸ್. ಹಿಯರ್" ಎಂದು ಇಳಿದುಬಿಡುತ್ತಿದ್ದಳು. ಪೆಟ್ರೋಲ್ ಬಂಕಿನ ಹುಡುಗರು ಮಾತ್ರ ಈ ಕಾರನ್ನು ಕಂಡರೆ ನಕ್ಕು ಓಡಿಬರುತ್ತಿದ್ದರು.

ಇಷ್ಟೇ ಆಗಿದ್ದರೆ ವಿಶಾಲಾಕ್ಷಿ ಸಹಿಸಿಕೊಳ್ಳುತ್ತಿದ್ದಳು. ಆದರೆ ಮಾಲೀಕ ರಮೇಶ್ ಭಾಯ್ ಅವರ ಬಳಗದಲ್ಲಿ ಯಾರದೇ ಮದುವೆಯಾದರೂ ಮದುಮಗನ ಮೆರವಣಿಗೆಗೆ ಬಾಪುಜಿಯ ಗಾಡಿಯೇ ಆಗಬೇಕು. ಕೊಟ್ಟ ಮೇಲೆ ಅದು ಹೆಚ್ಚು ಬೇಕಾಯಿತು. "ಪ್ರಸಾದ್ ಭಾಯ್, ಒಂದು ಗಂಟೆ ಕೆಲಸ" ಎಂದು ಫೋನ್ ಬರುತ್ತಿತ್ತು. ಒಮ್ಮೆ ಕಾರ್ಖಾನೆಯ ಡ್ರೈವರ್ ಓಡಿಸಲು ಹೋಗಿ ಗೇಟಿಗೆ ಗುದ್ದಿದ್ದ. ಅಲ್ಲಿಂದಾಚೆಗೆ ಕೃಷ್ಣಪ್ರಸಾದನೇ ಬೇಕು. ಕೃಷ್ಣಪ್ರಸಾದ ಬಂದರೆ ನೋಡಿ ಹೇಳಲು ವಿಶಾಲಾಕ್ಷಿ ಬೇಕು. ವಾರವೆಲ್ಲ ಮಾತ್ರೆಗಳ ಬ್ಯಾಚ್‌ಗೆ ಸಹಿ ಹಾಕುವ ಮನುಷ್ಯ ಶನಿವಾರ ಬಂತೆಂದರೆ ಪೇಟ ಸುತ್ತಿಕೊಂಡು ಗುರುತಿಲ್ಲದ ಮದುಮಕ್ಕಳನ್ನು ಹೊತ್ತು ತಿರುಗುತ್ತಿದ್ದ.

ಅವನಿಗೆ ಅದು ಅವಮಾನ ಅನ್ನಿಸುತ್ತಲೇ ಇರಲಿಲ್ಲ ಎಂಬುದು ಅವಳ ಸಿಟ್ಟು. ಅವನು ಆ ಕಾರಿಗೆ ಮರುಳಾಗಿದ್ದ. ಮುಂದಿನ ಎರಡು ಮಡ್‌ಗಾರ್ಡ್‌ಗಳ ತುದಿಯಲ್ಲಿ ಹೆಡ್‌ಲೈಟ್ ಉರಿಯುತ್ತಿದೆಯೋ ಇಲ್ಲವೋ ಎಂದು ಓಡಿಸುವವನಿಗೆ ತೋರಿಸುವ ಸಾಸಿವೆ ಗಾತ್ರದ ದೀಪಗಳಿದ್ದವು. ಮನೆಗೆ ಬಂದವರನ್ನೆಲ್ಲ ಕೆಳಗೆ ಕರೆದೊಯ್ದು ಅದನ್ನು ತೋರಿಸುತ್ತಿದ್ದ. "ಮೂವತ್ತು ವರ್ಷದ ಹಿಂದೆ ಯೋಚನೆ ಮಾಡಿದ್ದಾರೆ ನೋಡಿ" ಎನ್ನುತ್ತಿದ್ದ. ಬಾಗಿಲಿಗೊಂದರಂತೆ ಇದ್ದ ಬೂದಿ ಡಬ್ಬಿಗಳಲ್ಲಿ, ಸಿಗರೇಟು ಸೇದದ ಅವನು, ಏಲಕ್ಕಿ ತುಂಬಿಸಿಟ್ಟಿದ್ದ. ಬಾನೆಟ್ಟನ್ನು ಬನಿಯನ್ ಬಟ್ಟೆಯಿಂದ ಬಿಟ್ಟು ಬೇರೆ ಬಟ್ಟೆಯಿಂದ ಒರೆಸುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ವಿಶಾಲಾಕ್ಷಿ ಅವನಿಗೆ ಹೇಳಿರಲಿಲ್ಲ. ಕಾರು ನಿಜಕ್ಕೂ ಸುಖವಾಗಿತ್ತು. ಬೇರೆ ಕಾರುಗಳಲ್ಲಿ ಸೊಂಟ ಮುರಿಯುವ ಹಳ್ಳಗಳ ಮೇಲೆ ಇದು ಉಯ್ಯಾಲೆಯಂತೆ ಒಮ್ಮೆ ಮೇಲೆದ್ದು ಒಮ್ಮೆ ಇಳಿಯುತ್ತಿತ್ತು, ಅಷ್ಟೇ. ಸೀಟು ಸೋಫಾದಷ್ಟು ಅಗಲ, ಒಳಗೆ ಗಡಿಯಾರದ ಸದ್ದೂ ಕೇಳುವಷ್ಟು ನಿಶ್ಶಬ್ದ. ನೈವಾಶಾಕ್ಕೆ ಹೋದಾಗ ಅವಳು ನೋಡಿ ಹೇಳುವುದನ್ನೂ ಮರೆತು ನಿದ್ದೆ ಮಾಡಿದ್ದಳು. ಬೆನ್ನುನೋವಿನಿಂದ ರಾತ್ರಿ ಹಾಸಿಗೆಯಲ್ಲೂ ಅಷ್ಟು ಚೆನ್ನಾಗಿ ನಿದ್ದೆ ಬರುತ್ತಿರಲಿಲ್ಲ. ಎದ್ದಾಗ ಅವನು ಬಾಯಿ ತೆರೆಯುವ ಮೊದಲೇ "ಎಷ್ಟು ಪೆಟ್ರೋಲ್ ಕುಡೀತು?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದ್ದಳು.

ಇವತ್ತಿನದು ರಮೇಶ್ ಭಾಯ್ ಅವರ ಸ್ವಂತ ಮಗ ಕಿಶನ್‌ನ ಮದುವೆ. ಮುಥೈಗಾದ ಮನೆಯ ಅಂಗಳಕ್ಕೆ ಕಾರು ಬಂದು ನಿಂತದ್ದೇ ಅಲಂಕಾರದವರು ಹೂವಿನ ಬುಟ್ಟಿ, ಟೇಪಿನ ಸುರುಳಿ ಹಿಡಿದು ಮುತ್ತಿಕೊಂಡರು.

"ಟೇಪ್ ಬೇಡಪ್ಪ, ಪೇಂಟ್ ಎದ್ದುಬರುತ್ತೆ. ದಾರ ಕಟ್ಟಿ, ದಾರ." ಕೃಷ್ಣಪ್ರಸಾದ ಒಬ್ಬನಿಂದ ಇನ್ನೊಬ್ಬನ ಬಳಿಗೆ ಓಡಾಡುತ್ತಿದ್ದ.

ವಿಶಾಲಾಕ್ಷಿ ಪೋರ್ಟಿಕೋದ ನೆರಳಿಗೆ ಹೋಗಿ ನಿಂತಳು. ಹಿಂದೆ ಕ್ಯಾಡಿಲಾಕ್ ನಿಲ್ಲುತ್ತಿದ್ದ ಜಾಗದಲ್ಲಿ ಬೆಳ್ಳಿ ಬಣ್ಣದ ದೊಡ್ಡ ಜೀಪು ನಿಂತಿತ್ತು. ರಮೇಶ್ ಭಾಯ್ ಬಂದು ಕೃಷ್ಣಪ್ರಸಾದನ ತಲೆಗೆ ತಾವೇ ಗುಲಾಬಿ ಬಣ್ಣದ ಪೇಟ ಇಟ್ಟರು. ಅದು ಅವನ ಕಿವಿಯ ತನಕ ಇಳಿಯಿತು.

"ಭಾಭೀನೂ ಬರ್ತಾರಾ?" ಎಂದು ಹಿಂದಿಯಲ್ಲಿ ಕೇಳಿದರು.

"ಅವರಿಲ್ದೆ ಓವರ್‌ಟೇಕ್ ಮಾಡೋಕಾಗಲ್ಲ ರಮೇಶ್ ಭಾಯ್."

"ಹಾಂ ಹಾಂ. ಮುಂದೆ ಕೂತ್ಕೊಳ್ಳಲಿ."

ಹಿಂದಿನ ಸೀಟಿನಲ್ಲಿ ಜರಿಯ ಶೇರ್ವಾನಿ ತೊಟ್ಟ ಕಿಶನ್ ಮಧ್ಯೆ ಕೂತ. ಒಂದು ಪಕ್ಕಕ್ಕೆ ಅವನ ಅಪ್ಪ, ಇನ್ನೊಂದು ಪಕ್ಕಕ್ಕೆ ತಂಗಿ. ಮದುಮಗನಿಗೆ ದೃಷ್ಟಿ ತಾಗಬಾರದೆಂದು ತಂಗಿಯಾದವಳು ನಾಣ್ಯ ತುಂಬಿ ಬಟ್ಟೆ ಕಟ್ಟಿದ ಪುಟ್ಟ ಚೊಂಬನ್ನು ಅಲ್ಲಾಡಿಸುತ್ತಲೇ ಇರಬೇಕು. ಗೇಟು ದಾಟುವ ಮೊದಲೇ ಜಣ್ ಜಣ್ ಶುರುವಾಯಿತು. ವಿಶಾಲಾಕ್ಷಿಗೆ ತಲೆನೋವೂ ಶುರುವಾಯಿತು.

ಮದುವೆ ಇದ್ದದ್ದು ಕಸರಾನಿಯ ಆಚೆ ಒಂದು ಹುಲ್ಲುಹಾಸಿನ ಮೈದಾನದಲ್ಲಿ. ಥಿಕಾ ರಸ್ತೆಗೆ ಬಿದ್ದ ಮೇಲೆ ಕಾರು ಹದಕ್ಕೆ ಬಂತು. ಡ್ಯಾಶ್‌ಬೋರ್ಡಿನ ಕೆಳಗೆ ಮೆಕ್ಯಾನಿಕ್ ವಿನ್ಸೆಂಟ್ ಬೇರೆ ಯಾವುದೋ ಗಾಡಿಯಿಂದ ಬಿಚ್ಚಿ ತಂದು ಕೂರಿಸಿದ್ದ ಶಾಖದ ಮೀಟರಿನಲ್ಲಿ ಮುಳ್ಳು ಮಧ್ಯದಲ್ಲೇ ಇತ್ತು. ಪಕ್ಕದಲ್ಲಿ ಬಂದ ಮಟಾಟುವಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿ, "ಮುಹಿಂದಿ, ಊಜಾ ಹಿಯೋ ಮೆಲಿ" ಎಂದು ಕೂಗಿದ. ಏ ಇಂಡಿಯನ್, ಆ ಹಡಗನ್ನು ಮಾರಿಬಿಡು ಎಂದು. ಹಿಂದೆ ಕಿಶನ್ ನಕ್ಕ. ವಿಶಾಲಾಕ್ಷಿಗೆ ಕಂಡಕ್ಟರ್ ಒಬ್ಬನೇ ಬುದ್ಧಿವಂತನಾಗಿ ಕಂಡ.

ರಮೇಶ್ ಭಾಯ್ ಹಿಂದಕ್ಕೆ ಒರಗಿಕೊಂಡರು. "ಆಹಾ. ಈ ಸುಖ ಈಗಿನ ಗಾಡಿಗಳಲ್ಲಿ ಇಲ್ಲ ಪ್ರಸಾದ್ ಭಾಯ್. ಬಾಪುಜಿ ಇದರಲ್ಲಿ ಕೂತರೆ ನೈರೋಬಿಯೇ ದಾರಿ ಬಿಡ್ತಿತ್ತು."

ವಿಶಾಲಾಕ್ಷಿ ಗಂಡನ ಕಡೆ ನೋಡಿದಳು. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಹುಬ್ಬಿನಲ್ಲೇ ಹೇಳಿದಳು. ಅವನು ರಸ್ತೆ ನೋಡುತ್ತಿದ್ದ. ಅವನು ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವಳೇ ಹಿಂದಕ್ಕೆ ತಿರುಗಿ, ತನ್ನ ಮುರುಕು ಹಿಂದಿಯಲ್ಲಿ, ಆದಷ್ಟು ನಯವಾಗಿ ಕೇಳಿದಳು.

"ಇಷ್ಟು ಪ್ರೀತಿಯ ಗಾಡೀನ ಬಾಪುಜಿ ಇವರಿಗೇ ಯಾಕೆ ಕೊಟ್ರು, ರಮೇಶ್ ಭಾಯ್?"

"ಅದೊಂದು ಕಥೆ ಭಾಭೀ." ರಮೇಶ್ ಭಾಯ್‌ಗೆ ಹುರುಪು ಬಂತು. "ಕಿಶನ್ ಲೆಸ್ಟರ್‌ನಿಂದ ಓದು ಮುಗಿಸಿ ಬರೋನಿದ್ದ. ಇವನಿಗೆ ಜೀಪ್ ಬುಕ್ ಮಾಡಿದ್ವಿ. ಪೋರ್ಟಿಕೋದಲ್ಲಿ ಜಾಗ ಇಲ್ಲ. ನಾನು ಗುಜರಿಯವನಿಗೆ ಹೇಳಿಬಿಟ್ಟಿದ್ದೆ. ಬಾಪುಜಿ ಊಟ ಬಿಟ್ರು. ಒಡೆಯೋಕೆ ಕೊಡಬೇಡ, ಯಾರಾದರೂ ಒಳ್ಳೆ ಮನುಷ್ಯನಿಗೆ ಕೊಡು ಅಂತ. ಯಾರು ತಗೋತಾರೆ ಹೇಳಿ ಇದನ್ನ? ಆಮೇಲೆ ಹೊಳೀತು. ಪ್ರಸಾದ್ ಭಾಯ್ ಇಲ್ಲ ಅನ್ನಲ್ಲ ಅಂತ ನನಗೆ ಗೊತ್ತಿತ್ತು."

ಚೊಂಬು ಜಣ್ ಜಣ್ ಎನ್ನುತ್ತಿತ್ತು.

"ಇವರು ಯಾವುದಕ್ಕೂ ಇಲ್ಲ ಅನ್ನಲ್ಲ," ಎಂದರು ರಮೇಶ್ ಭಾಯ್. "ಅದಕ್ಕೇ ನನಗೆ ಧೈರ್ಯ. ಏಪ್ರಿಲ್‌ನಿಂದ ಲಾರೆನ್ಸ್ ಕೋಣೇಲಿ ಕಿಶನ್ ಕೂರ್ತಾನೆ. ಜನರಲ್ ಮ್ಯಾನೇಜರ್. ಎಲ್ಲಾ ನೀವೇ ಹೇಳಿಕೊಡಬೇಕು ಪ್ರಸಾದ್ ಭಾಯ್, ನಿಮ್ಮ ತಮ್ಮ ಅಂದುಕೊಳ್ಳಿ."

"ಐ ನೋ ನಥಿಂಗ್, ಅಂಕಲ್," ಎಂದ ಕಿಶನ್, ನಿಜವನ್ನೇ.

ಮುಂದೆ ಒಂದು ಹಾಲಿನ ಟ್ಯಾಂಕರ್ ಹೋಗುತ್ತಿತ್ತು.

"ಖಾಲಿ ಇದೆ. ಹೋಗಿ," ಎಂದಳು ವಿಶಾಲಾಕ್ಷಿ.

ಕೃಷ್ಣಪ್ರಸಾದ ಹೋಗಲಿಲ್ಲ. ಅವಳು ಮತ್ತೆ ಹೇಳಿದಳು. ಕಸರಾನಿಯ ತಿರುವು ಬರುವ ತನಕ ಅವನು ಆ ಟ್ಯಾಂಕರಿನ ಹಿಂದೆಯೇ ಹೋದ.

ತಿರುವಿನಲ್ಲಿ ಢೋಲಿನವರು ಕಾದಿದ್ದರು. ಅಲ್ಲಿಂದ ಮೈದಾನದ ಗೇಟಿನವರೆಗೆ ಮೆರವಣಿಗೆ. ಫೆಬ್ರವರಿಯ ಮಧ್ಯಾಹ್ನ, ಒಂದು ತುಣುಕು ಮೋಡವಿಲ್ಲ. ನೆಂಟರೆಲ್ಲ ಕಾರಿನ ಮುಂದೆ ಕುಣಿಯತೊಡಗಿದರು. ಕುಣಿಯುವವರು ಮುಂದೆ ಹೋಗುವುದಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದಿಡುತ್ತಾರೆ. ಇಂಥ ನಡಿಗೆಯಲ್ಲಿ ಮೂವತ್ತು ವರ್ಷದ ಹಳೆಯ ರೇಡಿಯೇಟರಿಗೆ ಗಾಳಿ ಸಿಗುವುದಿಲ್ಲ. ಮೀಟರಿನ ಮುಳ್ಳು ಏಳತೊಡಗಿತು.

"ರಮೇಶ್ ಭಾಯ್, ಸ್ವಲ್ಪ ಬೇಗ ನಡೆಯೋಕೆ ಹೇಳಿ."

"ಮದುವೆ ಪ್ರಸಾದ್ ಭಾಯ್. ಮ್ಯಾರಥಾನ್ ಅಲ್ಲ."

ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಕೃಷ್ಣಪ್ರಸಾದ ಕೈಚಾಚಿ ಹೀಟರನ್ನು ಕೊನೆಯ ತನಕ ತಿರುಗಿಸಿದ. ಎಂಜಿನ್ನಿನ ಕಾವು ಹೊರಹೋಗಲು ಇನ್ನೊಂದು ದಾರಿ ಅದೇ. ಅದನ್ನು ಕಾರಿನ ಒಳಗೆ ಬಿಟ್ಟುಕೊಳ್ಳಬೇಕು. ಜುಲೈ ತಿಂಗಳ ಚಳಿಯಲ್ಲಿ ಒಂದು ಮದುವೆಯಲ್ಲಿ ಹೀಗೆ ಮಾಡಿದಾಗ ಮದುಮಗ ಥ್ಯಾಂಕ್ಸ್ ಹೇಳಿದ್ದ. ಇದು ಜುಲೈ ಆಗಿರಲಿಲ್ಲ. ಹಿಂದಿನ ಎರಡು ಕಿಟಕಿಗಳ, ಕೃಷ್ಣಪ್ರಸಾದನ ಕಡೆಯ ಕಿಟಕಿಯ ಮೋಟಾರು ಕೆಟ್ಟು ಗಾಜು ಇಳಿಯುತ್ತಿರಲಿಲ್ಲ. ಇಳಿಯುತ್ತಿದ್ದ ಒಂದೇ ಕಿಟಕಿ ವಿಶಾಲಾಕ್ಷಿಯದು. ಬಿಸಿಗಾಳಿ ಅವಳ ಪಾದಕ್ಕೆ, ಮೊಣಕಾಲಿಗೆ, ಆಮೇಲೆ ಮುಖಕ್ಕೆ ಬಂತು. ರೊಟ್ಟಿ ಒಲೆಯ ಮುಂದೆ ಬಗ್ಗಿದ ಹಾಗಾಯಿತು.

"ಇದೇನು ಬಿಸಿ?" ರಮೇಶ್ ಭಾಯ್ ಕೇಳಿದರು.

"ಹೀಟರ್. ಎಂಜಿನ್ ಕುದೀಬಾರದು ಅಂತ."

"ಆಫ್ ಮಾಡಿ, ಆಫ್ ಮಾಡಿ. ಹುಡುಗ ಬೆಂದುಹೋಗ್ತಾನೆ."

"ಆಫ್ ಮಾಡಿದ್ರೆ ಎಂಜಿನ್ ಬೆಂದುಹೋಗುತ್ತೆ."

"ಹೋಗಲಿ ಬಿಡಿ, ಗೇಟಿನ ತನಕ ಬಂದರೆ ಸಾಕು. ಆಮೇಲೆ ಎಳೆಸಿಕೊಂಡು ಹೋದರಾಯ್ತು."

ಮುಂದೆ ಒಬ್ಬ ಸೋದರಮಾವ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಭುಜ ಕುಣಿಸುತ್ತಿದ್ದ. ಕಿಶನ್‌ನ ಹಣೆಯ ಕುಂಕುಮ ಬೆವರಿನಲ್ಲಿ ಮೂಗಿನ ತನಕ ಇಳಿದಿತ್ತು. ಚೊಂಬಿನ ಸದ್ದು ನಿಧಾನವಾಗಿತ್ತು. ವಿಶಾಲಾಕ್ಷಿ ಕಾದಳು. ಗಂಡ ಈಗ ಹೀಟರ್ ಆಫ್ ಮಾಡುತ್ತಾನೆ, ಕಾರು ಹೊಗೆಯಾಡಿ ನಿಲ್ಲುತ್ತದೆ, ಪೀಡೆ ಕಳೆಯುತ್ತದೆ ಎಂದುಕೊಂಡಳು.

"ಪ್ರಸಾದ್ ಭಾಯ್, ಕೇಳಿಸ್ತಾ? ಆಫ್ ಮಾಡಿ."

"ಇಲ್ಲ," ಎಂದ ಕೃಷ್ಣಪ್ರಸಾದ.

"ಏನಂದ್ರಿ?"

"ಮಾಡಲ್ಲ ರಮೇಶ್ ಭಾಯ್. ಸೆಕೆ ಆದ್ರೆ ಇಳಿದು ನಡೀರಿ. ಗೇಟ್ ಕಾಣ್ತಾ ಇದೆ."

ಹುಡುಗಿ ಚೊಂಬು ಅಲ್ಲಾಡಿಸುವುದನ್ನು ನಿಲ್ಲಿಸಿದ್ದಳು.

"ಡ್ಯಾಡ್, ಐ ಆಮ್ ಮೆಲ್ಟಿಂಗ್," ಎಂದ ಕಿಶನ್. ಅಪ್ಪನ ಮೊಣಕಾಲು ದಾಟಿ, ಬಾಗಿಲು ತೆರೆದು, ಇಳಿದೇಬಿಟ್ಟ. ತಂಗಿಯೂ ಇನ್ನೊಂದು ಬಾಗಿಲಿನಿಂದ ಇಳಿದು ಅವನ ಹಿಂದೆ ಚೊಂಬು ಹಿಡಿದು ಓಡಿದಳು. ಮದುಮಗ ತಾನೇ ಕುಣಿಯಲು ಬಂದ ಎಂದು ಜನ ಕೇಕೆ ಹಾಕಿದರು. ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಕಾರಿನಲ್ಲಿ ಏನಾಯಿತೆಂದು ಹೊರಗೆ ಒಬ್ಬರಿಗೂ ತಿಳಿಯಲಿಲ್ಲ.

ರಮೇಶ್ ಭಾಯ್ ಕೂತಲ್ಲೇ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

"ಈ ಗಾಡಿ ಯಾರು ಕೊಟ್ಟಿದ್ದು ಅಂತ ನೆನಪಿದೆಯಲ್ಲ?"

"ಕೊಟ್ಟಾಯ್ತಲ್ಲ," ಎಂದ ಕೃಷ್ಣಪ್ರಸಾದ.

"ಸೋಮವಾರ ಮಾತಾಡೋಣ."

"ನನಗೂ ಸೋಮವಾರ ಮಾತಾಡೋದಿದೆ."

ಅವರು ಬಾಗಿಲನ್ನು ಜೋರಾಗಿ ಹಾಕಿ ಹೋದರು. ಕೃಷ್ಣಪ್ರಸಾದ ಆ ಸದ್ದಿಗೆ ಮುಖ ಕಿವುಚಿದ. ಆ ಬಾಗಿಲಿನ ಕೀಲು ಸ್ವಲ್ಪ ಸಡಿಲವಿತ್ತು.

ಜನರೆಲ್ಲ ಗೇಟಿನೊಳಗೆ ಹೋದ ಮೇಲೆ ಅವನು ಕಾರನ್ನು ಗೋಡೆಯ ನೆರಳಿಗೆ ತಂದು ನಿಲ್ಲಿಸಿ ಬಾನೆಟ್ ಎತ್ತಿದ. ಪೇಟ ತೆಗೆದು ಗೇಟಿನ ಕಂಬಿಗೆ ಸಿಕ್ಕಿಸಿದ. ಬೇಡವೆಂದರೂ ಟೇಪ್ ಅಂಟಿಸಿದ್ದ ಜಾಗದಲ್ಲಿ ಬಣ್ಣ ಎದ್ದಿದೆಯೇ ಎಂದು ಉಗುರಿನಿಂದ ಕೆರೆದು ನೋಡಿದ. ಗೋಡೆಯಾಚೆಯಿಂದ ಪೂರಿ ಕರಿಯುವ ವಾಸನೆ ಬರುತ್ತಿತ್ತು. ವಿಶಾಲಾಕ್ಷಿ ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟವಳು.

"ಊಟ?" ಎಂದಳು.

"ಹೇಗೆ ಹೋಗೋದು ಈಗ ಒಳಗೆ?"

"ಅದೂ ಇಲ್ಲ ಹಾಗಾದ್ರೆ." ಅವಳು ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಂಡಳು. "ಅಲ್ರೀ, ಇಷ್ಟು ದಿನ ಬಾಯಿ ಬಿಡದೋರು ರೇಡಿಯೇಟರ್‌ಗೋಸ್ಕರ ಬಾಯಿ ಬಿಟ್ರಲ್ಲ."

"ಹೆಡ್ ಗ್ಯಾಸ್ಕೆಟ್ ಹೋಗ್ತಿತ್ತು."

"ಕೆಲಸ ಎಲ್ಲ ನಾನು ಮಾಡ್ತಿದೀನಿ, ಪೋಸ್ಟ್ ಕೊಡಿ ಅನ್ನೋಕೆ ಆಗ್ಲಿಲ್ಲ. ಹೆಂಡತೀನ ಬಿಸಿಲಲ್ಲಿ ತಲೆ ಹೊರಗಿಟ್ಟು ಕೂರಿಸಬೇಕಾಗುತ್ತೆ, ಬರಲ್ಲ ಅನ್ನೋಕೆ ಆಗ್ಲಿಲ್ಲ. ಗ್ಯಾಸ್ಕೆಟ್ ಹೋಗುತ್ತೆ ಅನ್ನೋಕೆ ಮಾತ್ರ ಆಯ್ತು."

"ನಿಜವಾಗ್ಲೂ ಹೋಗ್ತಿತ್ತು ವಿಶಾಲು."

ಅವನ ಮುಖದಲ್ಲಿ ಪಶ್ಚಾತ್ತಾಪವಾಗಲಿ ಹೆಮ್ಮೆಯಾಗಲಿ ಇರಲಿಲ್ಲ. ಗ್ಯಾಸ್ಕೆಟ್ಟಿನ ಚಿಂತೆ ಇತ್ತು. ಅವಳಿಗೆ ಇನ್ನೂ ಜಗಳವಾಡುವ ಮನಸ್ಸಿತ್ತು, ಆದರೆ ಹಸಿವಿನಲ್ಲಿ ಮಾತು ಮುಂದುವರಿಯಲಿಲ್ಲ. ಬೂದಿ ಡಬ್ಬಿಯಿಂದ ಎರಡು ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡಳು.

ಎಂಜಿನ್ ಆರಿದ ಮೇಲೆ ಹೊರಟರು. ಥಿಕಾ ರಸ್ತೆಯಲ್ಲಿ ಗಾಳಿ ಬಂತು, ಮುಳ್ಳು ಮಧ್ಯಕ್ಕೆ ಇಳಿಯಿತು. ಬಾನೆಟ್ಟಿನ ಮೇಲೆ ಉಳಿದಿದ್ದ ಚೆಂಡುಹೂಗಳು ಒಂದೊಂದಾಗಿ ಕಿತ್ತು ಹಾರಿ ಗಾಜಿಗೆ ಬಡಿದು ಹೋಗುತ್ತಿದ್ದವು.

"ಸೋಮವಾರ ದಾರ್‌ನವರಿಗೆ ಏನಂತೀರಿ?"

"ಬರ್ತೀನಿ ಅಂತೀನಿ."

ಅಷ್ಟು ಸುಲಭವಾಗಿ ಬಂದ ಉತ್ತರವನ್ನು ಅವಳು ನಂಬಲಿಲ್ಲ. ಪೂರ್ತಿ ಕೇಳಲು ಕಾದಳು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

"ಅಲ್ಲಿಗೆ ರೋಡ್ ಬಹುಪಾಲು ಟಾರು. ವಿನ್ಸೆಂಟ್ ಹೇಳ್ತಿದ್ದ."

"ನಮ್ಮ ಮೂರು ಜನಕ್ಕೂ ವಿಮಾನದ ಟಿಕೆಟ್ ಅವರೇ ಕೊಡ್ತಾರೆ."

"ಗಾಡಿಗೆ ಕೊಡಲ್ಲವಲ್ಲ."

ವಿಶಾಲಾಕ್ಷಿ ಕಣ್ಣು ಮುಚ್ಚಿಕೊಂಡಳು. "ಒಂಬೈನೂರು ಕಿಲೋಮೀಟರ್. ಅಷ್ಟು ದೂರ ನಾನು ಲಾರಿ ನೋಡ್ಕೊಂಡು ಬರಬೇಕು."

"ನಿಧಾನಕ್ಕೆ ಹೋದ್ರೆ ಆಯ್ತಪ್ಪ."

"ನಿಧಾನಕ್ಕೆ ಹೋದ್ರೆ ಕುದಿಯುತ್ತೆ."

ಅವನು ಆ ಮಾತನ್ನು ಗಂಭೀರವಾಗಿ ಯೋಚಿಸಿದ. "ಹೌದು," ಎಂದ. "ಹೊಸ ರೇಡಿಯೇಟರ್ ಹಾಕಿಸಬೇಕು."

ಮುಂದೆ ಅನಾನಸ್ ತುಂಬಿದ ಲಾರಿಯೊಂದು ತೆವಳುತ್ತಿತ್ತು. ಅದರ ಹಿಂದೆ ಕಾರು ವೇಗ ಕಳೆದುಕೊಂಡಿತು, ಮುಳ್ಳು ಸ್ವಲ್ಪ ಅಲ್ಲಾಡಿತು.

"ಬರ್ತಿದೆಯಾ?"

ಅವಳಿಗೆ ಆ ಕ್ಷಣ ಉತ್ತರ ಕೊಡದೆ ಕೂತುಬಿಡೋಣ ಅನ್ನಿಸಿತು. ಜಾಹ್ನವಿ ಮನೆಯಲ್ಲಿ ಒಬ್ಬಳೇ ಇದ್ದಾಳೆ, ಅನ್ನಕ್ಕೆ ಇಡಬೇಕು ಎಂಬುದು ನೆನಪಾಯಿತು. ಕೂದಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಬಿಸಿಲಿಗೆ ತಲೆ ಹೊರಗಿಟ್ಟು ನೋಡಿದಳು.

"ಒಂದು ಬಸ್ಸು. ಇರಿ," ಎಂದಳು. "ಹಿಂದೆ ಸೈಕಲ್. ಇರಿ, ಇರಿ. ಹಾಂ, ಹೋಗಿ."